ಫಲಕದ ಸಂಖ್ಯೆ, ಪಾದದ ಅಭ್ಯಾಸ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಶಾಸನವೋ ಸಂಗೀತವೋ ಇರಬೇಕೆಂದು ಬಂದವರಿಗೆ ಇವತ್ತಿನ ವಿಷಯ ಕೊಂಚ ಒರಟು ಎನ್ನಿಸಬಹುದು. ಹೆದ್ದಾರಿಯ ವೇಗಮಿತಿಯನ್ನು ಏರಿಸಬೇಕೆ? ಏರಿಸಿದರೆ ದಿನಾ ಗಾಡಿ ಓಡಿಸುವ ನಾವು ನೀವು ಹೇಗೆ ನಡೆದುಕೊಳ್ಳುತ್ತೇವೆ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 36ರಷ್ಟು ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ಒಟ್ಟು ರಸ್ತೆಗಳ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು. ಒಂದು ಸಭೆ ಕೂತು ಒಂದು ಗಂಟೆ ಯೋಚಿಸಲು ಇಷ್ಟು ಕಾರಣ ಸಾಕು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮಿತಿ ಏರಿಸುವುದೇ ಪಾಪ ಎನ್ನುವವನು ನಾನಲ್ಲ. ಆದರೆ ಇರುವ ಮಿತಿಯನ್ನು ಜನ ನಂಬುವಂತೆ ಮಾಡಿದ ರಸ್ತೆಗೆ ಮಾತ್ರ ಹೆಚ್ಚಿನ ಮಿತಿ ಕೇಳುವ ಯೋಗ್ಯತೆ ಬರುತ್ತದೆ. ನಮ್ಮಲ್ಲಿ ಮೊದಲು ಸಂಖ್ಯೆ ಏರುತ್ತದೆ, ಶಿಸ್ತನ್ನು ಆಮೇಲೆ ಹುಡುಕಲು ಹೊರಡುತ್ತೇವೆ.

1. ನೂರಿಪ್ಪತ್ತು ಬಂದ ಬಗೆ

1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಗರಿಷ್ಠ ವೇಗವನ್ನು ನಿಗದಿ ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆ ಅಧಿಕಾರದಡಿ 2018ರ ಏಪ್ರಿಲ್ 6ರಂದು ಹೊಸ ಅಧಿಸೂಚನೆ ಹೊರಟಿತು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗಂಟೆಗೆ 120 ಕಿ.ಮೀ., ಬಸ್ಸಿಗೆ 100, ಲಾರಿಗೆ 80. ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೆ 80. ಮೊದಲ ಸಾಲನ್ನು ಮತ್ತೊಮ್ಮೆ ಗಮನಿಸಿ. ಒಂದೇ ರಸ್ತೆಯಲ್ಲಿ ಕಾರಿಗೂ ಲಾರಿಗೂ 40 ಕಿ.ಮೀ. ಅಂತರವನ್ನು ಕಾನೂನೇ ಬರೆದಿಟ್ಟಿದೆ. ಕಾಗದದ ಮೇಲಿನ ಅಂತರ ಇಷ್ಟು. ಕಬ್ಬೋ ಜಲ್ಲಿಯೋ ತುಂಬಿದ ಲಾರಿ ಏರಿನಲ್ಲಿ ನಲವತ್ತು ಮುಟ್ಟುವುದೂ ಕಷ್ಟ, ಆಗ ಅಂತರ ಎಂಬತ್ತಾಗುತ್ತದೆ.

2021ರಲ್ಲಿ ಮದ್ರಾಸ್ ಹೈಕೋರ್ಟ್, ಅಪಘಾತ ಪರಿಹಾರದ ಒಂದು ಮೇಲ್ಮನವಿಯ ವಿಚಾರಣೆಯಲ್ಲಿ, ಈ ಅಧಿಸೂಚನೆಯನ್ನೇ ರದ್ದು ಮಾಡಿ ಮಿತಿಯನ್ನು ಇಳಿಸಿ ಹೊಸದಾಗಿ ಹೊರಡಿಸಿ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಎಕ್ಸ್‌ಪ್ರೆಸ್‌ವೇಗಳಲ್ಲಿ ಮಿತಿ 140ಕ್ಕೆ ಏರಬೇಕೆಂಬ ಅಭಿಪ್ರಾಯ ಮುಂದಿಟ್ಟರು. ವೇಗವೇ ಕೊಲ್ಲುತ್ತದೆ ಎಂದು ನ್ಯಾಯಾಲಯ ನೋಡಿತು, ರಸ್ತೆ ಒಳ್ಳೆಯದಾದ ಮೇಲೆ ಹಳೆಯ ಭಯವೇಕೆ ಎಂದು ಸಚಿವರು ನೋಡಿದರು. ಇಬ್ಬರ ಮಾತಿಗೂ ಆಧಾರವಿದೆ. ಚಾಲಕ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಮಾತ್ರ ಎರಡು ಕಡೆಯಲ್ಲೂ ಚರ್ಚೆಗೆ ಬರಲಿಲ್ಲ.

2. ಉಳಿಯುವ ನಿಮಿಷ, ಕಳೆಯುವ ಮೀಟರು

ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿ.ಮೀ. ಹೆದ್ದಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಲ್ಲೂ ನಿಲ್ಲದೆ 80ರಲ್ಲಿ ಹೋದರೆ 88 ನಿಮಿಷ, 100ರಲ್ಲಿ 71, 120ರಲ್ಲಿ 59, 140ರಲ್ಲಿ 51. ಮೊದಲ ಇಪ್ಪತ್ತು ಕಿ.ಮೀ. ಏರಿಕೆ 17 ನಿಮಿಷ ಉಳಿಸಿದರೆ ಎರಡನೆಯದು 12, ಮೂರನೆಯದು ಬರೇ 8. ಮೈಸೂರಿನ ಒಂದು ಸಿಗ್ನಲ್ಲಿನಲ್ಲಿ ಅದರ ಅರ್ಧ ಕರಗಿಹೋಗುತ್ತದೆ.

ಅಪಾಯದ ಲೆಕ್ಕ ಇದಕ್ಕೆ ವಿರುದ್ಧವಾಗಿ ಓಡುತ್ತದೆ. ಎದುರಿಗೆ ಏನೋ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ರಸ್ತೆ ಒಣಗಿದೆ, ಟಯರು ಚೆನ್ನಾಗಿವೆ. 100ರಲ್ಲಿದ್ದ ಕಾರು ಸುಮಾರು 97 ಮೀಟರಿನಲ್ಲಿ ನಿಲ್ಲುತ್ತದೆ. 120ರಲ್ಲಿದ್ದ ಕಾರಿಗೆ ಸುಮಾರು 129 ಮೀಟರು ಬೇಕು. ನೂರರ ಕಾರು ನಿಂತ ಜಾಗಕ್ಕೆ ನೂರಿಪ್ಪತ್ತರ ಕಾರು ಬರುವಾಗ ಅದರ ವೇಗ ಇನ್ನೂ 75 ಕಿ.ಮೀ. ಮೇಲೇ ಇರುತ್ತದೆ. ಅಲ್ಲಿ ಒಂದು ಕೆಟ್ಟು ನಿಂತ ಲಾರಿ ಇದ್ದರೆ ಒಬ್ಬ ಉಸ್ಸಪ್ಪಾ ಎಂದು ಬೆವರು ಒರೆಸಿಕೊಳ್ಳುತ್ತಾನೆ, ಇನ್ನೊಬ್ಬ ಬದುಕುವುದಿಲ್ಲ. ಇಪ್ಪತ್ತು ಕಿ.ಮೀ. ಹೆಚ್ಚಾದದ್ದಕ್ಕೆ ಡಿಕ್ಕಿಯೂ ಇಪ್ಪತ್ತು ಕಿ.ಮೀ.ನಷ್ಟೇ ಜೋರಾದೀತು ಎಂದು ಮನಸ್ಸು ಅಂದಾಜಿಸುತ್ತದೆ. ಭೌತಶಾಸ್ತ್ರದಲ್ಲಿ ಆ ರಿಯಾಯಿತಿ ಇಲ್ಲ.

ಸ್ವೀಡನ್ನಿನ ಯೋರಾನ್ ನಿಲ್ಸನ್ ತಮ್ಮ ದೇಶದಲ್ಲಿ ಮಿತಿ ಬದಲಾದ ರಸ್ತೆಗಳ ಅಂಕಿಗಳನ್ನು ಕೂಡಿಸಿ ಒಂದು ಸೂತ್ರ ಕೊಟ್ಟರು. ಸರಾಸರಿ ವೇಗ ಬದಲಾದಾಗ ಮಾರಣಾಂತಿಕ ಅಪಘಾತಗಳು ಆ ಬದಲಾವಣೆಯ ನಾಲ್ಕನೇ ಘಾತದಷ್ಟು ಬದಲಾಗುತ್ತವೆ ಎಂಬುದು ಅದರ ಸಾರ. ಇನ್ನು ಅನುಭವದಲ್ಲಿ ಕಂಡದ್ದೇನೆಂದರೆ, ಫಲಕದಲ್ಲಿ 10 ಏರಿಸಿದರೆ ರಸ್ತೆಯ ಸರಾಸರಿ ಸಾಮಾನ್ಯವಾಗಿ 3–4ರಷ್ಟು ಮಾತ್ರ ಏರುತ್ತದೆ. ನೋಡಿ, ಜನ ಫಲಕ ನೋಡಿ ಓಡಿಸುವುದಿಲ್ಲ, ಏರಿಸಿದರೆ ಏನೂ ಆಗುವುದಿಲ್ಲ ಎಂದು ಏರಿಕೆಯ ಪರವಾದವರು ಇದನ್ನೇ ತೋರಿಸುತ್ತಾರೆ. ಆದರೆ ನೂರಿದ್ದ ಸರಾಸರಿ ನೂರನಾಲ್ಕಾದರೆ ನಿಲ್ಸನ್ ಲೆಕ್ಕದಲ್ಲಿ ಮಾರಣಾಂತಿಕ ಅಪಘಾತ ಸುಮಾರು ಶೇ 17 ಹೆಚ್ಚಾಗುತ್ತದೆ. ಚಾಲಕನ ಅರಿವಿಗೇ ಬಾರದ ನಾಲ್ಕು ಕಿ.ಮೀ. ಜಿಲ್ಲಾಸ್ಪತ್ರೆಯ ಶವಾಗಾರದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

3. ಅಮೆರಿಕದ ಐವತ್ತೈದು

ಈ ಪ್ರಶ್ನೆಯನ್ನು ಅತಿ ದೀರ್ಘವಾಗಿ, ದೇಶವನ್ನೇ ಪ್ರಯೋಗಶಾಲೆ ಮಾಡಿಕೊಂಡು ಪರೀಕ್ಷಿಸಿದ್ದು ಅಮೆರಿಕ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಉಳಿಸಲೆಂದು ಅಧ್ಯಕ್ಷ ನಿಕ್ಸನ್ 1974ರ ಜನವರಿ 2ರಂದು ಒಂದು ಕಾಯ್ದೆಗೆ ಸಹಿ ಹಾಕಿದರು. ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 89 ಕಿ.ಮೀ. ಮಿತಿ, ಒಪ್ಪದ ರಾಜ್ಯಕ್ಕೆ ಹೆದ್ದಾರಿಯ ಅನುದಾನವಿಲ್ಲ. ಹಿಂದಿನ ವರ್ಷ 54 ಸಾವಿರದಷ್ಟಿದ್ದ ರಸ್ತೆ ಸಾವು ಆ ವರ್ಷ 45 ಸಾವಿರಕ್ಕೆ ಇಳಿಯಿತು. ಪೆಟ್ರೋಲ್ ಸಿಗದೆ ಜನ ಓಡಾಟ ಕಡಿಮೆ ಮಾಡಿದ್ದೂ ಅದರಲ್ಲಿ ಸೇರಿದೆ. ಅದನ್ನು ಕಳೆದ ಮೇಲೂ ಮಿತಿಯೊಂದರಿಂದಲೇ ವರ್ಷಕ್ಕೆ 2,000ದಿಂದ 4,000 ಜೀವ ಉಳಿಯುತ್ತಿದೆ ಎಂದು 1984ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಅಂದಾಜು ಮಾಡಿತು.

ಜನ ಮಾತ್ರ ಆ ಮಿತಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೊಂಟಾನಾ ರಾಜ್ಯದಲ್ಲಿ ಹಗಲು ಮಿತಿ ಮೀರಿದವನ ಮೇಲೆ ಇಂಧನ ಪೋಲು ಮಾಡಿದ ಆರೋಪ ಹೊರಿಸಿ 5 ಡಾಲರ್ ದಂಡ ಹಾಕುತ್ತಿದ್ದರು. ಲಾರಿ ಚಾಲಕರು ಸಿಟಿಜನ್ ಬ್ಯಾಂಡ್ ರೇಡಿಯೊದಲ್ಲಿ ಪೊಲೀಸರು ಎಲ್ಲಿ ನಿಂತಿದ್ದಾರೆಂದು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ನಮ್ಮಲ್ಲಿ ಎದುರು ಬರುವವರು ಹೆಡ್‌ಲೈಟ್ ಮಿನುಗಿಸಿ ‘ಮುಂದೆ ಹಿಡೀತಿದಾರೆ’ ಎಂದು ತಿಳಿಸುವುದಿಲ್ಲವೇ, ಅದೇ ಬಂಧುತ್ವ. ಎಂಬತ್ತರ ದಶಕದ ಹೊತ್ತಿಗೆ ಹಳ್ಳಿಗಾಡಿನ ಅಂತರರಾಜ್ಯ ಹೆದ್ದಾರಿಗಳಲ್ಲಿ ಮಿತಿ ಮೀರುವವರೇ ಬಹುಮತದಲ್ಲಿದ್ದರು. 1987ರಲ್ಲಿ ಅಂಥ ಹೆದ್ದಾರಿಗಳಿಗೆ 65 ಮೈಲಿ ಬಂತು. 1995ರ ನವೆಂಬರಿನಲ್ಲಿ ಕ್ಲಿಂಟನ್ ರಾಷ್ಟ್ರೀಯ ಮಿತಿಯನ್ನೇ ತೆಗೆದುಹಾಕಿದರು. 2012ರಲ್ಲಿ ಟೆಕ್ಸಾಸಿನ ಒಂದು ಟೋಲ್ ರಸ್ತೆಗೆ 85 ಮೈಲಿ, ಅಂದರೆ ಸುಮಾರು 137 ಕಿ.ಮೀ. ಮಿತಿ ಬಂತು.

ಇದರ ಫಲಿತಾಂಶದ ಬಗ್ಗೆ ಅಲ್ಲಿ ದೊಡ್ಡ ಜಗಳವೇ ನಡೆದಿದೆ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಲೇವ್ 1985ರಲ್ಲೇ ಹೇಳಿದ್ದೇನೆಂದರೆ, ಕೊಲ್ಲುವುದು ವೇಗಕ್ಕಿಂತ ಹೆಚ್ಚಾಗಿ ವಾಹನಗಳ ನಡುವಿನ ವೇಗದ ವ್ಯತ್ಯಾಸ. ಎಲ್ಲರೂ ಒಂದೇ ಹದದಲ್ಲಿ ಹೋದರೆ ಹಿಂದಿಕ್ಕುವ ಪ್ರಸಂಗ ಕಡಿಮೆ, ಘರ್ಷಣೆಯೂ ಕಡಿಮೆ. 1994ರಲ್ಲಿ ಅವರು ಪ್ಯಾಟ್ರಿಕ್ ಎಲಿಯಾಸ್ ಜೊತೆ ಬರೆದ ಪ್ರಬಂಧ, 65ಕ್ಕೆ ಏರಿಸಿದ ರಾಜ್ಯಗಳಲ್ಲಿ ಒಟ್ಟು ಸಾವಿನ ದರ ಶೇ 3.4ರಿಂದ 5.1ರಷ್ಟು ಇಳಿಯಿತು ಎಂದು ವಾದಿಸಿತು. ಅವರ ತರ್ಕ ಹೀಗಿದೆ: ಚಾಲಕರು ಇಕ್ಕಟ್ಟಾದ ಹಳೆಯ ರಸ್ತೆ ಬಿಟ್ಟು ಸುರಕ್ಷಿತವಾದ ಹೆದ್ದಾರಿಗೆ ಬಂದರು, ಹೆದ್ದಾರಿಯಲ್ಲಿ ದಂಡದ ಚೀಟಿ ಹರಿಯುತ್ತಿದ್ದ ಪೊಲೀಸರು ನಿಜವಾಗಿ ಬೇಕಾದ ಕಡೆಗೆ ಹೋದರು. ಇನ್ನೊಂದು ಪಕ್ಷದಲ್ಲಿ, ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಚಾರ್ಲ್ಸ್ ಫಾರ್ಮರ್ 25 ವರ್ಷಗಳ ಅಂಕಿಅಂಶ ನೋಡಿ, 1993ರಿಂದ 2017ರವರೆಗಿನ ಮಿತಿ ಏರಿಕೆಗಳು ಸುಮಾರು 37,000 ಹೆಚ್ಚುವರಿ ಜೀವಗಳನ್ನು ತೆಗೆದುಕೊಂಡವು ಎಂದು ತೋರಿಸಿದರು. ಕಾಲಾವಧಿ ಉದ್ದವಾಗಿರುವ ಈ ಲೆಕ್ಕದ ತೂಕ ನನಗೆ ಹೆಚ್ಚು ಅನ್ನಿಸುತ್ತದೆ. ಲೇವ್ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ವೇಗದ ಏರುಪೇರು ಕೊಲ್ಲುತ್ತದೆ ಎಂಬ ಮಾತು ಅಮೆರಿಕಕ್ಕಿಂತ ನಮ್ಮ ಹೆದ್ದಾರಿಗೆ ಹೆಚ್ಚು ಒಪ್ಪುತ್ತದೆ. ಹಾಗೆ ಒಪ್ಪಿದಾಗ ಅದು ಮಿತಿ ಏರಿಕೆಯ ಪರ ನಿಲ್ಲುವುದಿಲ್ಲ, ವಿರುದ್ಧ ನಿಲ್ಲುತ್ತದೆ. ಅಲ್ಲಿ ಎಪ್ಪತ್ತರಲ್ಲಿ ಹೋಗುತ್ತಿದ್ದವರ ನಡುವೆ ಐವತ್ತೈದಕ್ಕೆ ಅಂಟಿಕೊಂಡವನು ಅಡಚಣೆಯಾಗಿದ್ದ, ಮಿತಿ ಏರಿಸಿದರೆ ಅವರೆಲ್ಲ ಹತ್ತಿರವಾಗುತ್ತಿದ್ದರು. ಇಲ್ಲಿ ಕಾರಿನ ಮಿತಿ ಏರಿಸಿದರೆ ಲಾರಿಯಿಂದ ಅದು ಇನ್ನಷ್ಟು ದೂರ ಸರಿಯುತ್ತದೆ.

ನಿಧಾನ ಹೋಗುವವನೇ ಅಪಾಯ ಎಂಬ ಮಾತನ್ನೂ ಸ್ವಲ್ಪ ಜೋಪಾನವಾಗಿ ಬಳಸಬೇಕು. ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು ಗ್ರಾಮೀಣ ರಸ್ತೆಗಳಲ್ಲಿ ಅಪಘಾತಕ್ಕೀಡಾದ ಕಾರುಗಳ ವೇಗವನ್ನು ಅದೇ ರಸ್ತೆಯ ಉಳಿದ ಕಾರುಗಳ ವೇಗಕ್ಕೆ ಹೋಲಿಸಿ ನೋಡಿದರು. ಸರಾಸರಿಗಿಂತ 10 ಕಿ.ಮೀ. ಹೆಚ್ಚು ಹೋದವನ ಅಪಾಯ ಸುಮಾರು ಎರಡರಷ್ಟಾಗಿತ್ತು. ಸರಾಸರಿಗಿಂತ ಕಡಿಮೆ ಹೋದವನಿಗೆ ಹೆಚ್ಚಿನ ಅಪಾಯ ಕಂಡುಬರಲಿಲ್ಲ.

4. ಚಾಲಕ ಓದುವ ಇನ್ನೊಂದು ಫಲಕ

ಈಗ ನಮ್ಮ ದಿನನಿತ್ಯದ ಚಾಲನೆಗೆ ಬರೋಣ. ರಸ್ತೆ ಅಗಲವಾಗಿದೆಯೇ, ಪಕ್ಕದ ಗಾಡಿ ಎಷ್ಟರಲ್ಲಿ ಹೋಗುತ್ತಿದೆ, ಹಿಡಿಯುವವರು ಎಷ್ಟಕ್ಕೆ ಹಿಡಿಯುತ್ತಾರೆ, ಈ ಮೂರನ್ನು ನೋಡಿ ಪಾದ ತೀರ್ಮಾನ ಮಾಡುತ್ತದೆ. ಫಲಕದ ಸಂಖ್ಯೆ ನಾಲ್ಕನೆಯದು.

ಬೆಂಗಳೂರು–ಮೈಸೂರು ಹೆದ್ದಾರಿ ಇದರ ಪಾಠಶಾಲೆ. 2023ರ ಮಾರ್ಚ್ 12ರಂದು ಪ್ರಧಾನಿ ಇದನ್ನು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು. ಆರು ಪಥದ ಮುಖ್ಯರಸ್ತೆ, ಎರಡೂ ಬದಿ ಸರ್ವಿಸ್ ರಸ್ತೆ. ಜನರ ಬಾಯಲ್ಲಿ ದಶಪಥ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು ಎಂಬುದೇ ಅದರ ಜಾಹೀರಾತಾಯಿತು. ಗಂಟೆಯ ಲೆಕ್ಕದಲ್ಲಿ ಹೊಗಳಿಸಿಕೊಂಡ ರಸ್ತೆಯಲ್ಲಿ ಜನ ಗಡಿಯಾರ ನೋಡಿಕೊಂಡೇ ಓಡಿಸಿದರು. ಸಾವುಗಳ ಸುದ್ದಿ ದಿನಾ ಬರತೊಡಗಿದಾಗ 2023ರ ಜುಲೈನಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡಿದು 100ರ ಮಿತಿಯನ್ನು ಜಾರಿಗೆ ತಂದರು. ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಪ್ರವೇಶ ನಿಂತಿತು. ಬೈಕಿನವರಿಗೂ ರೈತರಿಗೂ ಇದು ಅನ್ಯಾಯವೆನಿಸಿತು, ಅವರ ಸಿಟ್ಟಿಗೆ ಕಾರಣವೂ ಇತ್ತು: ಹಳೆಯ ರಸ್ತೆ ಅವರದೂ ಆಗಿತ್ತು, ಸರ್ವಿಸ್ ರಸ್ತೆ ಎಲ್ಲ ಕಡೆ ಸರಿಯಾಗಿರಲಿಲ್ಲ. ಆದರೂ ವೇಗದ ಏರುಪೇರು ತಗ್ಗಿಸುವ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆ. ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ 120ರವರೆಗೆ ಕೇಂದ್ರದ ಅನುಮತಿ ಇದ್ದರೂ ಇಲ್ಲಿ ನೂರಕ್ಕೇ ನಿಲ್ಲಿಸಿದ್ದೂ ವಿವೇಕವೇ.

ಆಮೇಲಿನದು ಗಮನಿಸಬೇಕಾದ ಸಂಗತಿ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಪ್ರಕಟಿಸಿದರು. ಉದ್ದೇಶ ಒಳ್ಳೆಯದು, ಅತಿರೇಕದವರಿಗೆ ಅದು ಬೇಕಿತ್ತು. ಆದರೆ ಸಾಮಾನ್ಯ ಚಾಲಕ ಆ ಸುದ್ದಿಯನ್ನು ಓದಿದ ಬಗೆಯೇ ಬೇರೆ: ‘ನೂರಾ ಮೂವತ್ತರವರೆಗೆ ಕೇಸಿಲ್ಲ, ಬರೀ ದಂಡ.’ ಫಲಕದಲ್ಲಿ 100 ಇದ್ದ ರಸ್ತೆಯಲ್ಲಿ ತಲೆಯೊಳಗಿನ ಮಿತಿ 130 ಆಯಿತು. ಮಿತಿಗೂ ಶಿಕ್ಷೆಗೂ ನಡುವೆ ಬಿಟ್ಟ ಸಡಿಲವೇ ನಿಜವಾದ ಮಿತಿ. ಫಲಕವನ್ನು 120 ಮಾಡಿದರೆ ಆ ಸಡಿಲ ಹಾಗೇ ಇರುವುದಿಲ್ಲ, ಸಂಖ್ಯೆಯ ಜೊತೆ ತಾನೂ ಮೇಲೆ ಹೋಗುತ್ತದೆ.

ಕಾರು ಕೂಡ ಮಾತಾಡುತ್ತದೆ. 2019ರ ಜುಲೈ 1ರಿಂದ ತಯಾರಾದ ಹೊಸ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಹೊಡೆಯುವ ಏರ್ಪಾಡು ಕಡ್ಡಾಯವಾಯಿತು. ಕಾನೂನು ನೂರು ಎಂದ ರಸ್ತೆಯಲ್ಲಿ ಎಂಬತ್ತಕ್ಕೇ ಗೊಣಗುವ ಯಂತ್ರವನ್ನು ಕಿವಿ ಎರಡೇ ದಿನಕ್ಕೆ ಅಲಕ್ಷಿಸಲು ಕಲಿಯುತ್ತದೆ. ಹಾಡಿನ ದನಿ ಸ್ವಲ್ಪ ಏರಿಸಿದರೆ ಮುಗಿಯಿತು. ಕ್ಯಾಮೆರಾ ಕಂಬಗಳ ಕಥೆಯೂ ಅದೇ. ಕಂಬ ಬರುವ ಮುನ್ನ ಮೊಬೈಲಿನ ಮ್ಯಾಪ್ ಎಚ್ಚರಿಸುತ್ತದೆ, ಬ್ರೇಕ್ ದೀಪಗಳು ಸಾಲಾಗಿ ಕೆಂಪಾಗುತ್ತವೆ, ಕಂಬ ದಾಟಿದೊಡನೆ ಮತ್ತೆ ಬಿರುಸು. ಏಕರೂಪವಾಗಿ ಹರಿಯಬೇಕಾದ ಸಂಚಾರದಲ್ಲಿ ಕ್ಯಾಮೆರಾವೇ ಏರುಪೇರು ಹುಟ್ಟಿಸುತ್ತದೆ.

ಬಲಗಡೆಯ ಪಥ ಹಿಂದಿಕ್ಕಲು ಮಾತ್ರ ಎಂಬುದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ, ಪರೀಕ್ಷಿಸುವುದೂ ಇಲ್ಲ. ಬಲಪಥದಲ್ಲಿ 60ರಲ್ಲಿ ತೆವಳುವ ಟ್ಯಾಂಕರ್ ಪಕ್ಕಕ್ಕೆ ಸರಿಯುವುದಿಲ್ಲ, ಹಿಂದಿನ ಕಾರು ಡಿಪ್–ಡಿಮ್ ಮಾಡಿ ಬೇಸತ್ತು ಎಡದಿಂದ ನುಗ್ಗುತ್ತದೆ. ಲಾರಿಯವನನ್ನು ಬೈದು ಫಲವಿಲ್ಲ. ಎಡಪಥದಲ್ಲಿ ಪಾರ್ಕಿಂಗ್ ದೀಪವಿಲ್ಲದೆ ನಿಂತ ಗಾಡಿ, ರಾಂಗ್ ಸೈಡಿನಲ್ಲಿ ಬರುವ ಬೈಕು, ಬೇಲಿ ಹಾರಿ ದಾಟುವ ಹಳ್ಳಿಯವರು ಎಲ್ಲರನ್ನೂ ಕಂಡವನು ಅವನು. ಬಲವೇ ಕ್ಷೇಮ ಎಂದು ಅನುಭವದಿಂದ ಕಲಿತಿದ್ದಾನೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಪಥಶಿಸ್ತಿನಿಂದ ಓಡಿಸಿದ ನಮ್ಮ ಕನ್ನಡದ ಹುಡುಗರು ಊರಿಗೆ ಬಂದ ವಾರದಲ್ಲೇ ಎಡದಿಂದ ನುಗ್ಗತೊಡಗುತ್ತಾರೆ. ಸ್ವಭಾವದ ದೋಷವೆಂದು ಇದನ್ನು ಬೈಯುವುದು ಸುಲಭ. ಅದೇ ಕೈ, ಅದೇ ಕಾಲು. ಬದಲಾದದ್ದು ಅಕ್ಕಪಕ್ಕದವರ ಬಗೆಗಿನ ನಿರೀಕ್ಷೆ.

ಇನ್ನೊಂದು ವಿಷಯ. ಬಹಳ ಹೊತ್ತು ವೇಗವಾಗಿ ಓಡಿಸಿದವನಿಗೆ ಆಮೇಲೆ ತನ್ನ ವೇಗ ಇರುವುದಕ್ಕಿಂತ ಕಡಿಮೆ ಎಂದು ಭಾಸವಾಗುತ್ತದೆ; ಮನೋವಿಜ್ಞಾನಿಗಳು ಅರವತ್ತರ ದಶಕದಿಂದಲೇ ಇದನ್ನು ಅಳೆದಿದ್ದಾರೆ. ನೂರಿಪ್ಪತ್ತರಿಂದ ಇಳಿದವನಿಗೆ ಎಂಬತ್ತು ನಡಿಗೆಯಂತೆ ಕಾಣುತ್ತದೆ. ಮೈಸೂರು ದಾಟಿ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟರೆ ವಿಭಜಕವಿಲ್ಲದ ರಸ್ತೆಯಲ್ಲಿ ಶಾಲೆ, ಸಂತೆ, ದನ ಎಲ್ಲವೂ ಎದುರಾಗುತ್ತವೆ. ಹೆದ್ದಾರಿಯ ಮಿತಿ ಏರಿಸಿದ್ದರ ಬೆಲೆಯನ್ನು ಅಲ್ಲಿನವರೂ ತೆರುತ್ತಾರೆ, ಆ ಸಾವು ಯಾವ ಎಕ್ಸ್‌ಪ್ರೆಸ್‌ವೇಯ ಲೆಕ್ಕಕ್ಕೂ ಬರುವುದಿಲ್ಲ.

5. ಲೆಕ್ಕವಿಲ್ಲದ ಅತಿವೇಗ

2022ರ ಸರ್ಕಾರಿ ವರದಿಯ ಪ್ರಕಾರ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ. ಆದರೆ ಈ ಸಂಖ್ಯೆ ಹುಟ್ಟುವುದು ಠಾಣೆಯ ದಾಖಲೆಯಲ್ಲಿ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂಬ ಸಾಲು ಪ್ರತಿ ಎಫ್‌ಐಆರಿನಲ್ಲೂ ಇರುತ್ತದೆ. ವೇಗ ಎಷ್ಟಿತ್ತೆಂದು ಅಳೆದವರು ವಿರಳ. ನೂರರ ರಸ್ತೆಯಲ್ಲಿ ನೂರನಲವತ್ತೋ, ಎಪ್ಪತ್ತರ ರಸ್ತೆಯಲ್ಲಿ ಎಂಬತ್ತೋ ಎಂಬುದು ಅದರಿಂದ ತಿಳಿಯುವುದಿಲ್ಲ. ರಸ್ತೆಯ ತಿರುವು ತಪ್ಪಿದ್ದರೂ, ನಿಂತ ಲಾರಿಗೆ ದೀಪವಿಲ್ಲದಿದ್ದರೂ ತಪ್ಪು ಚಾಲಕನ ಹೆಸರಿಗೆ ಬರೆದು ಮುಗಿಸಲು ಆ ಸಾಲು ಅನುಕೂಲ. ಮಿತಿ ಏರಿಸಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಬೇಕಾದ ಮೊದಲ ಮಾಹಿತಿಯೇ ನಮ್ಮ ಕೈಯಲ್ಲಿಲ್ಲ.

6. ಜರ್ಮನಿಯ ನೆಪ, ಇಟಲಿಯ ಷರತ್ತು

ಮಿತಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಜರ್ಮನಿಯ ಆಟೊಬಾನ್ ತೆಗೆಯುತ್ತಾರೆ. ಅಲ್ಲಿ ಹಲವು ಭಾಗಗಳಲ್ಲಿ ಮಿತಿಯಿಲ್ಲ, ನಿಜ. ಆದರೆ 1978ರಿಂದ 130 ಕಿ.ಮೀ. ಶಿಫಾರಸು ಮಾಡಿದ ವೇಗ. ಅದನ್ನು ಮೀರಿ ಹೋಗಿ ಅಪಘಾತವಾದರೆ ತಪ್ಪು ಎದುರಿನವನದಾಗಿದ್ದರೂ ಪರಿಹಾರದ ಒಂದು ಪಾಲು ವೇಗದವನ ತಲೆಗೆ ಬರಬಹುದು. ನಿಧಾನದವನು ತನ್ನ ಬದಿಯ ಪಥ ಬಿಡುವಂತಿಲ್ಲ, ತಪ್ಪು ಬದಿಯಿಂದ ಹಿಂದಿಕ್ಕುವಂತಿಲ್ಲ. ನಾವು ಅವರ ಸಂಖ್ಯೆಯನ್ನಷ್ಟೇ ಆಮದು ಮಾಡಲು ಹೊರಟಿದ್ದೇವೆ.

ನಮಗೆ ಹೆಚ್ಚು ಪಾಠ ಹೇಳುವುದು ಇಟಲಿ. ಅಲ್ಲಿ ಮೋಟಾರು ಹೆದ್ದಾರಿಗೆ 130, ಮಳೆ ಬಂದರೆ 110. 2005ರ ಸುಮಾರಿಗೆ ಅಲ್ಲಿ ‘ಟ್ಯೂಟರ್’ ಎಂಬ ವ್ಯವಸ್ಥೆ ಬಂತು. ಎರಡು ಕಂಬಗಳ ನಡುವಿನ ದೂರವನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸಿದಿರಿ ಎಂದು ನೋಡಿ ಸರಾಸರಿ ವೇಗಕ್ಕೆ ದಂಡ ಹಾಕುವುದು ಅದರ ಕೆಲಸ. ಕಂಬದ ಮುಂದೆ ಬ್ರೇಕ್ ಹಾಕಿ ತಪ್ಪಿಸಿಕೊಳ್ಳುವ ಜಾಣತನಕ್ಕೆ ಅಲ್ಲಿ ಜಾಗವಿಲ್ಲ. ಅದನ್ನು ಅಳವಡಿಸಿದ ಭಾಗಗಳಲ್ಲಿ ಮೊದಲ ವರ್ಷವೇ ಸಾವು ಸುಮಾರು ಅರ್ಧಕ್ಕೆ ಇಳಿಯಿತೆಂದು ಹೆದ್ದಾರಿ ಕಂಪನಿ ಹೇಳಿದೆ. ಅಲ್ಲಿನ ರಸ್ತೆ ಕಾನೂನಿನಲ್ಲಿ ಇನ್ನೊಂದು ಕಲಂ ಇದೆ: ಒಂದೊಂದು ದಿಕ್ಕಿಗೆ ಮೂರು ಪಥ, ಜೊತೆಗೆ ತುರ್ತು ಪಥ, ಸರಾಸರಿ ವೇಗದ ನಿಗಾ, ಒಳ್ಳೆಯ ಸುರಕ್ಷತಾ ದಾಖಲೆ ಇವೆಲ್ಲ ಇದ್ದರೆ ಮಿತಿಯನ್ನು 150ಕ್ಕೆ ಏರಿಸಬಹುದು. ಇಷ್ಟು ವರ್ಷವಾದರೂ ಒಂದು ರಸ್ತೆಯೂ ಆ ಅವಕಾಶವನ್ನು ಬಳಸಿಕೊಂಡಿಲ್ಲ. ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರವಾಗಿದೆ.

7. ಏರಿಸುವ ಮುನ್ನ

ಬೆಂಗಳೂರು–ಮೈಸೂರು ಹೆದ್ದಾರಿಗೂ, ಮುಂದೆ ಪೂರ್ತಿಯಾಗಲಿರುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೂ ನಾನು ಇಂಥ ಹೊಸ್ತಿಲನ್ನೇ ಕೇಳುತ್ತೇನೆ.

ಮೊದಲನೆಯದು, ಅಳತೆ. ಪ್ರತಿ ಮೂರು ತಿಂಗಳಿಗೊಮ್ಮೆ ಹೆದ್ದಾರಿಯ ಒಂದೊಂದು ಭಾಗದಲ್ಲಿ ಕಾರಿನ ಸರಾಸರಿ ವೇಗವೆಷ್ಟು, ಲಾರಿಯದೆಷ್ಟು, ಎರಡರ ಅಂತರವೆಷ್ಟು ಎಂದು ಪ್ರಕಟಿಸಬೇಕು. ಫಾಸ್ಟ್ಯಾಗ್ ಮತ್ತು ಕ್ಯಾಮೆರಾಗಳಿಂದ ಈ ಮಾಹಿತಿಯ ಬಹುಪಾಲು ಈಗಾಗಲೇ ಸಿಗುತ್ತದೆ. ಎರಡನೆಯದು, ಎಲ್ಲ ಭಾಗಗಳಲ್ಲೂ ಸರಾಸರಿ ವೇಗದ ದಂಡ; ಮೊತ್ತ ಸಣ್ಣದಿದ್ದರೂ ಸರಿ, ತಪ್ಪದೆ ಬರಬೇಕು. 105ಕ್ಕೆ ಬಂದ ಚಿಕ್ಕ ಚಲನ್ 130ಕ್ಕೆ ಇಟ್ಟ ದೊಡ್ಡ ಬೆದರಿಕೆಗಿಂತ ಹೆಚ್ಚು ಕಲಿಸುತ್ತದೆ. ಮೂರನೆಯದು, ಪಥಶಿಸ್ತು. ಅದಕ್ಕೆ ಮೊದಲು ಎಡಪಥವನ್ನು ಲಾರಿಯವನು ನಂಬುವಂತೆ ಮಾಡಬೇಕು: ನಿಂತ ಗಾಡಿಗಳಿಗೆ ಬೇರೆ ಜಾಗ, ಹಳ್ಳಿಯವರಿಗೆ ದಾಟಲು ಸಾಕಷ್ಟು ಮೇಲ್ಸೇತುವೆ, ಎಲ್ಲೂ ಕಡಿಯದ ಸರ್ವಿಸ್ ರಸ್ತೆ. ನಾಲ್ಕನೆಯದು, ಋತುವಿಗೆ ತಕ್ಕ ಮಿತಿ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದ ಮಂಜಿಗೆ ಕಾರಿನ ಮಿತಿಯನ್ನು 100ರಿಂದ ಇಳಿಸುತ್ತಾರೆ. ನಮ್ಮ ಮುಂಗಾರಿನ ಜಡಿಮಳೆಗೂ ಹಿಂಗಾರಿನ ಮೋಡಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಸತತ ಎರಡು ವರ್ಷ ಕಾರು–ಲಾರಿಗಳ ವೇಗದ ಅಂತರ ತಗ್ಗಿ, ನೂರರ ಫಲಕದ ರಸ್ತೆಯಲ್ಲಿ ನೂರರಲ್ಲೇ ಹೋಗುವವರು ಬಹುಮತವಾದರೆ, 110ರ ಪ್ರಸ್ತಾವವನ್ನು ಈ ಸಭೆಯ ಮುಂದೆ ನಾನೇ ಬೆಂಬಲಿಸುತ್ತೇನೆ. ಅಲ್ಲಿಯವರೆಗೆ ಮಿತಿ ಏರಿಸುವುದೆಂದರೆ, ಈಗಾಗಲೇ ಕಾನೂನು ಮೀರಿ ಹೋಗುತ್ತಿರುವವನಿಗೆ ಅನುಮತಿ ಪತ್ರ ಕೊಟ್ಟು, ಮಿತಿಯಲ್ಲೇ ಹೋಗುತ್ತಿರುವವನನ್ನು ಅವನ ದಾರಿಗೆ ಅಡ್ಡವಾದವನೆಂದು ಘೋಷಿಸಿದ ಹಾಗೆ. ಆಡಳಿತಕ್ಕೆ ನನ್ನ ವಿನಂತಿ ಇಷ್ಟೇ: ಹೊಸ ಸಂಖ್ಯೆಯ ಕಡತ ತೆರೆಯುವ ಮುನ್ನ ಹಳೆಯ ಸಂಖ್ಯೆಯ ಫಲಿತಾಂಶವನ್ನು ಜನರ ಮುಂದಿಡಿ.